ಕಿಟಕಿ ಮುಚ್ಚಿ ಹಾಡಿದ ಹಾಡು

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅಜ್ಜಿ ವೀಣೆ ಹಿಡಿದು ಹಾಡುವ ಮುಂಚೆ ಬೀದಿ ಕಡೆಯ ಕಿಟಕಿ ಮುಚ್ಚಿ, ಸಂದಿಗೆ ಹಳೇ ಸೀರೆ ತುರುಕುತ್ತಿದ್ದರು. ಆರತಿ ಹಾಡುಗಳನ್ನು ತಾವೇ ಕಟ್ಟಿ ಮಕ್ಕಳಿಗೂ ಮೊಮ್ಮಕ್ಕಳಿಗೂ ಕಲಿಸಿದವರು. ಹೊರಗಿನವರಿಗೆ ಮಾತ್ರ ಒಂದು ಸಾಲೂ ಬಿಟ್ಟುಕೊಟ್ಟವರಲ್ಲ. "ಯಾರೋ ಕದ್ದು ಕೇಳ್ತಿದಾರೆ ಕಣೇ," ಎನ್ನುತ್ತಿದ್ದರು. ನಾವು ನಗುತ್ತಿದ್ದೆವು.

ಒಂದು ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆಂದು ಬಂದ ಎದುರುಮನೆಯ ಹೊಸ ಸೊಸೆಗೆ ಅಮ್ಮ, "ಒಂದು ಹಾಡು ಹೇಳಮ್ಮ," ಎಂದರು. ಅವಳು ಹಾಡಿದ್ದು ಅಜ್ಜಿ ಕಟ್ಟಿದ ಆರತಿ ಹಾಡು! ಅಜ್ಜಿ ತಾಂಬೂಲ ಕೊಟ್ಟು ಕಳಿಸಿದರು. ಆಮೇಲೆ ಸಿಡಿದರು: "ನಾನ್ ಹೇಳ್ಲಿಲ್ವಾ? ಕದ್ದಿದ್ದೂ ಅಲ್ದೆ ಚರಣ ಬೇರೆ ಕೆಡಿಸಿಟ್ಟಿದಾಳೆ!"

ಮರುದಿನ ಅಜ್ಜಿ ಕಿಟಕಿ ತೆರೆದಿಟ್ಟು, ಆ ಚರಣವೊಂದನ್ನೇ ನಿಧಾನವಾಗಿ ಬಿಡಿಸಿ ಬಿಡಿಸಿ ಹಾಡಿದರು. ನಡುವೆ ನಿಲ್ಲಿಸಿ, ಅನುಮಾನದಿಂದ ಎದುರುಮನೆಯತ್ತ ಕತ್ತು ಚಾಚಿದರು.

"ಕೇಳ್ತಿದಾಳೋ ಇಲ್ವೋ, ಹೋಗಿ ನೋಡ್ಕೊಂಡ್ ಬಾರೇ."