ಅಟ್ಟದ ಕಾಯಿ, ಐವತ್ತರ ಎದೆ

ಕಡೂರಿನ ಆಚೆಯ ಹಳ್ಳಿಯಲ್ಲಿ ತೀರ್ಥಪ್ಪನವರ ಕಿವಿಗೆ ದೊಡ್ಡ ಹೆಸರು. ಅಟ್ಟದಲ್ಲಿ ತಿಂಗಳುಗಟ್ಟಲೆ ಮಲಗಿದ ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ನೀರು ಬತ್ತಿ ಕೊಬ್ಬರಿ ಚಿಪ್ಪು ಬಿಟ್ಟು ಒಳಗೆ ಗಡಗಡ ಉರುಳುತ್ತಿದೆಯೋ ಇಲ್ಲವೋ ಹೇಳುವವರು ಅವರೇ. ಅವರು 'ಹೂಂ' ಅಂದಮೇಲೇ ಬೀದಿಯವರು ಕಾಯಿ ಸುಲಿಸುವುದು. ಆ 'ಹೂಂ'ಕಾರವನ್ನು ಅವರು ಅಮಲ್ದಾರರ ಗತ್ತಿನಲ್ಲಿ, ಎರಡು ಸಲ ಕೆಮ್ಮಿ ದಯಪಾಲಿಸುತ್ತಿದ್ದರು.

ಎಪ್ಪತ್ತು ದಾಟಿದ ಮೇಲೆ ಅಜ್ಜಂಪುರದ ಆರೋಗ್ಯ ಶಿಬಿರಕ್ಕೆ ಹೋದರು. ಡಾಕ್ಟರಮ್ಮ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದರು: "ಯಜಮಾನ್ರೇ, ಒಂದೇ ಮೈಯಾದ್ರೂ ಎಲ್ಲದಕ್ಕೂ ಒಂದೇ ವಯಸ್ಸಿರಲ್ಲ. ನಿಮ್ಮ ಹೃದಯ ಐವತ್ತರದ್ದಿದ್ದಂಗಿದೆ. ಕಿವಿಗೆ ಮಾತ್ರ ತೊಂಬತ್ತು. ಮೊದಲು ಮುಪ್ಪಾಗಿದ್ದನ್ನ ಹಂಗೇ ಬಿಟ್ರೆ ಉಳಿದದ್ದನ್ನೂ ಎಳೆಯುತ್ತೆ. ಕಿವಿ ಕೇಳದಿದ್ರೆ ಬುದ್ಧಿಯೂ ಮಂಕಾಗಬಹುದು." ಕಿವಿಗೆ ಹಾಕುವ ಮೆಷಿನ್ನನ್ನೂ ಕೊಟ್ಟರು.

ತೀರ್ಥಪ್ಪನವರು ಐವತ್ತನ್ನು ಊರ ತುಂಬ ಹಂಚಿದರು. ತೊಂಬತ್ತರ ಮಾತು ಮೆಷಿನ್ನಿನ ಜೊತೆ ಗೋಡೆಯ ಗೂಡು ಸೇರಿತು.

"ನನ್ ಎದೆ ಐವತ್ತರದ್ದು ಕಣಯ್ಯ!"

"ಮಿಕ್ಕಿದ್ದೆಲ್ಲ ನಿಮ್ ತಾತಂದಾ, ತೀರ್ಥಣ್ಣ?" ಎಂದ ಪಕ್ಕದ ಮನೆಯ ರುದ್ರಮೂರ್ತಿ. ಕೇಳಿಸಲಿಲ್ಲ, ಹೊಗಳಿರಬೇಕೆಂದು ತೀರ್ಥಪ್ಪನವರು ತಲೆದೂಗಿದರು.

ಆ ವರ್ಷ ಯಾರ ಅಟ್ಟ ಹತ್ತಿದರೂ ಅವರದು ಒಂದೇ ತೀರ್ಪು: "ಇನ್ನೂ ಹಸಿ." ಒಳಗೆ ಕೊಬ್ಬರಿ ಕೆಡುತ್ತಿದೆಯೆಂಬ ಗುಮಾನಿ ಹುಟ್ಟಿತು. ಇನ್ನೊಂದು ಸಲ ಹಸಿ ಅಂದರೆ ಬೇರೆಯವರನ್ನು ಕರೆಯೋಣ ಎಂದು ಬೀದಿಯೇ ಮಾತಾಡಿಕೊಂಡಿತು.

ಒಂದು ಮಧ್ಯಾಹ್ನ ತಮ್ಮದೇ ಅಟ್ಟದಲ್ಲಿ ಕೂತಿದ್ದರು. ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳು ಚಿನ್ನದಂತೆ ತೇಲುತ್ತಿತ್ತು. ಜೊಂಪು ಹತ್ತಿತು. ಸುತ್ತಲೂ ಒಂದೇ ಮರದ, ಒಂದೇ ದಿನ ಅಟ್ಟ ಏರಿದ ಕಾಯಿಗಳು. ಆದರೂ ಒಂದು ಒಣಗಿರುತ್ತದೆ, ಇನ್ನೊಂದರಲ್ಲಿ ನೀರಿರುತ್ತದೆ. ಅರೆನಿದ್ದೆಯಲ್ಲಿ, ಇದು ನನ್ನ ಎದೆ, ಇದು ಮಂಡಿ, ಇದು ಕಣ್ಣು ಎಂದು ಸವರುತ್ತ ಹೋದರು. ಒಂದನ್ನೆತ್ತಿ ಅಲ್ಲಾಡಿಸಿದರು. ಸದ್ದೇ ಇಲ್ಲ. ಆದರೆ ಅಂಗೈಯೊಳಗೆ ಏನೋ ಉರುಳಾಡಿತು.

ಬೆಚ್ಚಿ ಕಣ್ಣುಬಿಟ್ಟರೆ ಏಣಿಯ ಮೇಲೆ ಹೆಂಡತಿ ವಿಶಾಲಾಕ್ಷಮ್ಮನ ತಲೆ.

"ಗಡಗಡ ಅಂತೈತಲ್ರೀ! ಕೆಳಗಡೆ ಅಡುಗೆಮನೆಗೇ ಕೇಳ್ತು!" ಕಿರುಚಿದ್ದು ಎಲ್ಲೋ ದೂರದಿಂದ ಬಂದಂತಿತ್ತು.

ಅವರು ಕಾಯಿಯನ್ನು ಮಡಿಲಲ್ಲಿಟ್ಟುಕೊಂಡರು. "ಗೂಡಲ್ಲಿರೋದನ್ನ ತಗೊಂಬಾರೇ."

ಮೆಷಿನ್ನು ಕಿವಿಗೇರಿತು. ಕಾಯಿ ಅಲ್ಲಾಡಿತು. ಗಡಗಡ!

"ಏನಂತೈತೆ?" ಎಂದಳು ಆಕೆ.

ಆ ದನಿ ತೆಳ್ಳಗಾಗಿತ್ತು, ಕೊನೆಯಲ್ಲಿ ಕೊಂಚ ನಡುಗಿತು. ಅವರ ನೆನಪಿನಲ್ಲಿ ಅದಕ್ಕಿನ್ನೂ ಮೂವತ್ತೇ ಆಗಿತ್ತು.

"ಒಣಗೈತೆ ಕಣೇ. ಸುಲಿಸ್ಕೊಳ್ಳಿ ಅಂತ ಬೀದಿಯೋರಿಗೆಲ್ಲ ಹೇಳು," ಎಂದರು, ಕೆಮ್ಮದೆ. ಆಕೆ ಏಣಿ ಇಳಿಯಹೋದಳು.

"ತಡಿ, ಇನ್ನೊಂಚೂರು ಮಾತಾಡು."