ಅಮ್ಮನಿಗಾಗಿ ಮಾಡಿದ ಹಳ್ಳ

ಹಲಗೆ ಮೇಲಿನ ಪುಟ್ಟ ಹಳ್ಳಕ್ಕೆ ನೀರಿನ ಹಾಗೆ ಕಾಣಲಿ ಅಂತ ಸುರಿದಿದ್ದ ರೆಸಿನ್ ಅಂಟು ಇನ್ನೂ ಗಟ್ಟಿಯಾಗಿರಲಿಲ್ಲ. ಅಷ್ಟರಲ್ಲಿ ಅಮ್ಮ ಗೋಡೆ ಹಿಡಿದುಕೊಂಡು ಬಂದು ನನ್ನ ಹಿಂದೆ ನಿಂತಿದ್ದಳು.

"ಇಷ್ಟು ನೀಲಿ ಯಾಕ ಮಾಡೀಯೇ ಪದ್ದಿ? ನಮ್ಮ ಹಳ್ಳದ ನೀರಿಗೆ ಬಣ್ಣನ ಇರ್ತಿದ್ದಿಲ್ಲ."

ಮೈಯೆಲ್ಲ ಉರಿದುಹೋಯ್ತು. ಸೈಬರ್ ಕೆಫೆಯಲ್ಲಿ ಗಂಟೆಗಟ್ಟಲೆ ಕೂತು ಕಲಿತದ್ದು, ಫೈಬರ್ ಶೀಟ್ ಅಂಗಡಿಯವನ ತಲೆ ತಿಂದು ತಂದ ರೆಸಿನ್ನು... ಆದರೆ ಅವಳು ಹೇಳಿದ್ದು ನಿಜ. ನಾನು ಮಾಡಿದ್ದು ಕ್ಯಾಲೆಂಡರಿನ ನದಿ, ನಮ್ಮೂರ ಹಳ್ಳ ಅಲ್ಲ.

ಗಣಿ ಜೋರಾಗಿದ್ದ ವರ್ಷಗಳವು. ಸಂಡೂರಿನ ಆಚೆ ನಮ್ಮೂರಲ್ಲಿ ಧೂಳಿಗೆ ಅಮ್ಮನ ಕೆಮ್ಮು ವಿಪರೀತವಾಗಿ, ಡಾಕ್ಟರು ಹತ್ತಿರ ಇರಲಿ ಅಂತ ಹೊಸಪೇಟೆಗೆ ನಮ್ಮ ಮನೆಗೆ ಕರಕೊಂಡು ಬಂದಿದ್ದೆ.

ಬಂದಾಗಿನಿಂದ ಒಂದೇ ಮಾತು. ಒಂದು ಸಲ ಹೋಗಿ ಹಳ್ಳದ ದಂಡೆ ಮೇಲೆ ಕೂತು ಬರಬೇಕು. ಮದುವೆಯಾಗಿ ಬಂದ ದಿನದಿಂದ ಅವಳು ಬಟ್ಟೆ ಒಗೆದದ್ದು, ಮಡಿ ನೀರು ತಂದದ್ದು ಎಲ್ಲ ಅಲ್ಲೇ.

ಊರಲ್ಲೇ ಇದ್ದ ಅಣ್ಣ ಪ್ರತಿ ಸಲ ಒಂದೊಂದು ನೆಪ ಹೇಳುತ್ತಿದ್ದ. ರಸ್ತೆ ತುಂಬ ಲಾರಿ, ಈಗ ಬ್ಯಾಡಮ್ಮ. ಚಳಿ ಭಾಳ ಅದ, ಈಗ ಬ್ಯಾಡಮ್ಮ.

ಕಾರಣ ನನಗೆ ಗೊತ್ತಿತ್ತು. ಅಮ್ಮ ಇಲ್ಲಿಗೆ ಬಂದ ಮೇಲೆ ಹಳ್ಳದ ಪಕ್ಕದ ನಮ್ಮ ಹೊಲವನ್ನು ಅವನು ಅದಿರು ಸುರಿಯೋ ಸ್ಟಾಕ್ ಯಾರ್ಡಿಗೆ ಲೀಸ್ ಕೊಟ್ಟಿದ್ದ. ಊರಲ್ಲಿ ಎಲ್ಲರೂ ಕೊಟ್ಟರು, ಅವನೂ ಕೊಟ್ಟ. ಒಂದು ಮದುವೆಗೆ ಹೋದಾಗ ನಾನೇ ನೋಡಿದ್ದೆ. ಹಳ್ಳದಲ್ಲಿ ನೀರಿರಲಿಲ್ಲ, ಕೆಂಪು ರಾಡಿ ಇತ್ತು.

ಅಮ್ಮನಿಗೆ ಹೇಳೋ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಪ್ರತಿ ದಸರಾಕ್ಕೆ ನಾನು ಬೊಂಬೆ ಕೂಡಿಸುತ್ತೇನೆ. ಆ ವರ್ಷ ಬೊಂಬೆಗಳ ಮುಂದೆ ನಮ್ಮೂರ ಹಳ್ಳವನ್ನೇ ಮಾಡಿ ಇಡೋಣ, ಅಮ್ಮ ಕೂತಲ್ಲೇ ನೋಡಲಿ ಅಂದುಕೊಂಡೆ.

ನೀಲಿ ಕೆರೆದು ತೆಗೆದು ಮತ್ತೆ ಶುರು ಮಾಡಿದೆ. ಪ್ಲೈವುಡ್ ಮೇಲೆ ಹಳ್ಳದ ತಳಕ್ಕೆ ಮರಳು, ಸಣ್ಣ ಬೆಣಚು ಕಲ್ಲು ಅಂಟಿಸಿದೆ. ಆಳ ಕಾಣಲಿ ಅಂತ ನಡುವೆ ಗಾಢ ಕಂದು, ದಂಡೆ ಕಡೆ ತಿಳಿ. ಮೇಲೆ ಬಣ್ಣವಿಲ್ಲದ ರೆಸಿನ್ ತೆಳ್ಳಗೆ ಸುರಿಯೋದು, ಗಟ್ಟಿಯಾದ ಮೇಲೆ ಇನ್ನೊಂದು ಪದರ.

ನಮ್ಮ ರಸ್ತೆಯಲ್ಲಿ ಅದಿರು ಲಾರಿ ಓಡೋದು ಮರೆತು ಒಂದು ಪದರವನ್ನು ಹಾಗೇ ಬಿಟ್ಟಿದ್ದೆ. ಬೆಳಗ್ಗೆ ನೋಡಿದರೆ ಮೇಲೆಲ್ಲ ಕೆಂಪು ಧೂಳು ಕೂತು ಅಂಟಿಕೊಂಡಿತ್ತು. ಉಜ್ಜಿ ತೆಗೆದು, ಮತ್ತೆ ಸುರಿದು, ಈ ಸಲ ಮೇಲೆ ಹಿಟ್ಟು ಕಲಸೋ ದೊಡ್ಡ ಪರಾತ ಬೋರಲು ಹಾಕಿದೆ.

ಅಮ್ಮ ಕುರ್ಚಿ ಹಾಕಿಕೊಂಡು ಕೂತು ಮೇಸ್ತ್ರಿಕೆ ಮಾಡುತ್ತಿದ್ದಳು. ಬಟ್ಟೆ ಒಗೆಯೋ ಕಲ್ಲು ಇನ್ನೂ ಈಚೆ ಬರಬೇಕು. ಅಲ್ಲಿ ನೀರು ಸುಮ್ಮನೆ ನಿಲ್ಲೂದಿಲ್ಲ, ಕಲ್ಲಿಗೆ ಬಡಿದು ಸುತ್ತತದ ಅನ್ನುತ್ತಿದ್ದಳು. ಬಿಳಿ ಅಂಟನ್ನು ಸಣ್ಣ ಬ್ರಷ್ಷಲ್ಲಿ ಎಳೆದೆಳೆದು ಆ ಅಲೆ ಮಾಡಿದೆ. ಒಣಗಿದ ಮೇಲೆ ಅಂಟಿನ ಬಿಳುಪು ಹೋಗಿ ಬರೀ ಅಲೆ ಉಳಿಯಿತು.

ಅಮ್ಮ ಬಗ್ಗಿ ನೋಡಿದಳು. ಭಾಳ ಹೊತ್ತು ನೋಡಿದಳು.

"ಈಗ ಬಂತು ನೋಡು," ಅಂದಳು. ನನಗೆ ಅಳು ಬಂತು.

ಹಬ್ಬದ ದಿನ ಬೆಳಗ್ಗೆ ಅಣ್ಣ ಬಂದ. ಕಲಶಕ್ಕೆ ಊರ ಹಳ್ಳದ ನೀರೇ ಆಗಬೇಕು ಅನ್ನೋದು ನಮ್ಮ ಮನೆ ಪದ್ಧತಿ. ಹಿತ್ತಾಳೆ ತಂಬಿಗೆಗೆ ಮಡಿ ಬಟ್ಟೆ ಕಟ್ಟಿ ತಂದಿದ್ದ. ನಾನು ಹೆದರುತ್ತಲೇ ಬಟ್ಟೆ ಬಿಚ್ಚಿದೆ... ನೀರು ತಿಳಿಯಾಗಿತ್ತು.

ಮಾಡೆಲ್ ನೋಡಿ ಅಣ್ಣನ ಮುಖ ಸಣ್ಣದಾಯಿತು.

"ಇನ್ನೂ ಹಿಂಗೇ ಅದನೇನೋ?" ಅಮ್ಮ ಕೇಳಿದಳು.

"ಹಿಂಗೇ ಅದಮ್ಮ," ಅಂದ. ನನ್ನ ಕಡೆ ನೋಡಲಿಲ್ಲ.

ಕಲಶಕ್ಕೆ ತುಂಬಿ ಉಳಿದ ನೀರನ್ನು ಅಮ್ಮ ಬೊಗಸೆಯಲ್ಲಿ ಹಿಡಿದು ನನ್ನ ರೆಸಿನ್ ಹಳ್ಳದ ಮೇಲೆ ಚಿಮುಕಿಸಿದಳು. ನಮ್ಮ ನೀರು ಮುಟ್ಟಿದರೇನೇ ಇದು ಹಳ್ಳ ಆಗೂದು ಅಂದಳು. ನಾನು ತಡೆಯಲಿಲ್ಲ.

ಊಟವಾಗಿ ಅಣ್ಣ ಪಡಸಾಲೆಯಲ್ಲಿ ಚಾಪೆ ಹಾಕಿ ಮಲಗಿದ. ನಾನು ಅಡುಗೆಮನೆಯಿಂದ ಬಂದು ನೋಡಿದರೆ, ಅಮ್ಮ ಮಾಡೆಲ್ ಮುಂದೆ ಒಬ್ಬಳೇ ಕೂತಿದ್ದಳು.

ಫ್ಯಾನಿನ ಗಾಳಿಗೆ ನೀರು ಆರಿತ್ತು. ಹನಿ ಬಿದ್ದಲ್ಲೆಲ್ಲ ಬಿಳೀ ಕಲೆ, ಗುಂಡಗೆ.

ಬೋರ್‌ವೆಲ್ ನೀರಿನ ಕಲೆ. ಪಾತ್ರೆ ತೊಳೆಯೋ ಯಾವ ಹೆಂಗಸಿಗಾದರೂ ಗೊತ್ತು ಅದು. ನಮ್ಮ ಹಳ್ಳದ ನೀರು ಸಿಹಿನೀರು, ಬೇಳೆ ಹಾಕಿದರೆ ಬೆಣ್ಣೆ ಹಾಗೆ ಬೇಯುತ್ತಿತ್ತು. ಅದು ಯಾವತ್ತೂ ಕಲೆ ಉಳಿಸಿದ್ದಲ್ಲ.

ಅಮ್ಮ ಆ ಕಲೆಗಳನ್ನೇ ನೋಡುತ್ತಿದ್ದಾಳೆ. ಈಗ ಕೇಳುತ್ತಾಳೆ, ಈಗ ಅಳುತ್ತಾಳೆ ಅಂತ ಕಾಯುತ್ತಿದ್ದೇನೆ.

ಅವಳು ಸೆರಗಿನ ತುದಿ ಒದ್ದೆ ಮಾಡಿಕೊಂಡು ಒಂದೊಂದೇ ಕಲೆ ಒರೆಸತೊಡಗಿದಳು. ಒರೆಸಿ, ಒಣ ಸೆರಗಿನಿಂದ ಮತ್ತೊಮ್ಮೆ ಉಜ್ಜಿದಳು.

"ನಾ ನೋಡೀನಿ ಅಂತ ಅವಂಗ ಹೇಳಬ್ಯಾಡ," ಅಂದಳು, ಮೆಲ್ಲಗೆ. "ಮದಲ ಅವ ಮೆತ್ತನ್ನ ಮನಸ್ಸಿನವ, ಭಾಳ ಹಚ್ಕೋತಾನ."

ಸಂಜೆ ಅಣ್ಣ ಹೊರಟಾಗ ಅವಳೇ ಖಾಲಿ ತಂಬಿಗೆ ತಂದು ಅವನ ಕೈಗೆ ಕೊಟ್ಟಳು. "ಬರೋ ವರ್ಷನೂ ಹಳ್ಳದ ನೀರ ತರಬೇಕು ನೋಡಪಾ."

"ತರ್ತೀನಮ್ಮ," ಅಂದವನು ಚಪ್ಪಲಿ ಹುಡುಕೋ ನೆಪದಲ್ಲಿ ಬಗ್ಗಿಬಿಟ್ಟ.

ಆಮೇಲೆ ಬದುಕಿದ್ದಷ್ಟು ದಿನ ಅಮ್ಮ ಊರಿಗೆ ಕರಕೊಂಡು ಹೋಗು ಅಂತ ಒಂದು ಸಲವೂ ಕೇಳಲಿಲ್ಲ.

ನಾವು ಹೇಳೋ ಸುಳ್ಳುಗಳಲ್ಲಿ ತಾಯಂದಿರು ನಿಜವಾಗಿ ನಂಬಿದ್ದೆಷ್ಟು, ನಮಗೋಸ್ಕರ ನಂಬಿದ ಹಾಗೆ ಇದ್ದದ್ದೆಷ್ಟು... ನಿಮಗೇನಾದರೂ ಗೊತ್ತಾ?