ಗೋಲ್‌ಕೀಪರನನ್ನು ಅವ್ವ ಉಳಿಸಿದಳು

ಗೆಳೆಯರೇ, ಕಂಪ್ಯೂಟರಿನ ಫುಟ್‌ಬಾಲ್ ಆಟದಲ್ಲಿ ನಾನು ಯಾರೂ ಹೆಸರು ಕೇಳದ ಐದನೇ ದರ್ಜೆಯ ಕ್ಲಬ್ಬೊಂದರ ಮ್ಯಾನೇಜರ್. ಇವತ್ತು ಬೆಳಿಗ್ಗೆ ನಲವತ್ತು ವರ್ಷದ ಗೋಲ್‌ಕೀಪರನನ್ನು ತೆಗೆದುಹಾಕಲು ಹೊರಟಿದ್ದೆ. ಕೊಟ್ಟೂರಿನಲ್ಲಿ ಖಾನಾವಳಿ ನಡೆಸುವ ನಮ್ಮವ್ವ ಹಿಂದೆ ಬಂದು ನಿಂತಳು.

"ಯಾಕಲೇ ಅವನ್ನ ಬಿಡಿಸ್ತಿ?"

"ವಯಸ್ಸಾತು ಬೇ, ಚೆಂಡು ಹಿಡಿಯಾಕ ಆಗವಲ್ದು."

"ನಮ್ಮ ಖಾನಾವಳಿ ಗಂಗಮ್ಮಗೂ ರೊಟ್ಟಿ ಬಡಿಯಾಕ ಆಗವಲ್ದು. ನಾ ಬಿಡಿಸೀನೇನು? ಹೊಸಬರಿಗೆ ಹಿಟ್ಟು ನಾದೋದು ಕಲಿಸಾಕ ಇಟ್ಕೊಂಡೀನಿ. ನೀನೂ ಹಂಗ ಮಾಡು."

ಅವನನ್ನು ತರಬೇತುದಾರನನ್ನಾಗಿ ಮಾಡಿದೆ. ಸಂಜೆಯ ಹೊತ್ತಿಗೆ ಆಟದಲ್ಲಿ ಒಂದು ವರ್ಷ ಕಳೆಯಿತು. ಕೊನೆಯ ಪಂದ್ಯದಲ್ಲಿ ಅವನು ಪಳಗಿಸಿದ ಹೊಸ ಕೀಪರ್ ಪೆನಾಲ್ಟಿ ತಡೆದ. ಆರನೇ ದರ್ಜೆಗೆ ಬೀಳಬೇಕಿದ್ದ ಕ್ಲಬ್ ಉಳಿಯಿತು.

ಓಡಿಹೋಗಿ ಅವ್ವನ ಕಾಲಿಗೆ ಬಿದ್ದೆ. ನನಗೀಗ ನಲವತ್ತೆರಡು, ಊಟ ಇನ್ನೂ ಅವ್ವನ ಖಾನಾವಳಿಯಲ್ಲೇ. ಆಕೆ ಯಾರನ್ನೂ ಬಿಡಿಸುವುದಿಲ್ಲ ಎಂಬುದೇ ನನ್ನ ಪುಣ್ಯ.